ಬಿಸಿಲಿನ ನಾಡಿನಲ್ಲಿ ಡಿ ಕೊರತೆ: ವಂಶವಾಹಿಯ ಪಾಲು ಎಷ್ಟು?

ಹೈದರಾಬಾದಿನ ಪೂರ್ವಕ್ಕಿರುವ ನಾಚಾರಂ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಿನ ಕೈಗಾರಿಕಾ ವಸಾಹತು. ಔಷಧ ಮತ್ತು ರಾಸಾಯನಿಕ ಘಟಕಗಳು, ಔಷಧ ಸಂಶೋಧನೆಯ ಪ್ರಯೋಗಾಲಯಗಳು, ಕಾರ್ಮಿಕರಿಗಾಗಿ ಒಂದು ಇಎಸ್‌ಐ ಆಸ್ಪತ್ರೆ, ಅವುಗಳ ಸುತ್ತ ಒತ್ತೊತ್ತಾಗಿ ಬೆಳೆದ ಬಡಾವಣೆಗಳು. ಈ ಊರಿಗೆ ವಿಜ್ಞಾನದ ಇನ್ನೊಂದು ಗುರುತೂ ಇದೆ. 1996ರಲ್ಲಿ ಹುಟ್ಟಿದ ಡಿಎನ್‌ಎ ಬೆರಳಚ್ಚು ಮತ್ತು ರೋಗನಿದಾನ ಕೇಂದ್ರ, ಅಂದರೆ ಸಿಡಿಎಫ್‌ಡಿ, ಬಹಳ ವರ್ಷ ಕೆಲಸ ಮಾಡಿದ್ದು ನಾಚಾರಂನ ಇಸಿಐಎಲ್ ರಸ್ತೆಯಲ್ಲಿ. ಈಗ ಅದು ಉಪ್ಪಲ್‌ಗೆ ಹೋಗಿದೆ. ಅಲ್ಲಿಂದ ಹಬ್ಸಿಗುಡಕ್ಕೆ ಬಂದರೆ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ, ಸಿಸಿಎಂಬಿ. ಇನ್ನೂ ಸ್ವಲ್ಪ ಮುಂದೆ ತಾರ್ನಾಕಾದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ. ಎಲ್ಲರೂ ಕರೆಯುವಂತೆ ಎನ್‌ಐಎನ್. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಆರಂಭಿಸಿದ ಬೆರಿಬೆರಿ ಸಂಶೋಧನೆ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು ಈ ಸಂಸ್ಥೆಯಾಯಿತು. ಊಟವನ್ನು ಅಳೆಯುವವರೂ ವಂಶವಾಹಿಯನ್ನು ಓದುವವರೂ ಹೀಗೆ ಒಂದೇ ಬಸ್ ದಾರಿಯಲ್ಲಿ ನೆರೆಹೊರೆಯಾಗಿರುವ ಜಾಗ ದೇಶದಲ್ಲಿ ಅಪರೂಪ.

ವಿಟಮಿನ್ ಡಿ ಎಂಬ ಪ್ರಶ್ನೆಗೆ ಇಬ್ಬರೂ ಬೇಕು.

ಪ್ರಶ್ನೆ ಸರಳವಾಗಿ ಕಾಣುತ್ತದೆ. ವರ್ಷದ ಬಹುಪಾಲು ದಿನ ಬಿಸಿಲು ಸುರಿಯುವ ದೇಶದಲ್ಲಿ ಬಿಸಿಲಿನಿಂದಲೇ ಹುಟ್ಟುವ ಜೀವಸತ್ವಕ್ಕೆ ಕೊರತೆ ಯಾಕೆ? 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ದೇಶದ ಮಕ್ಕಳ ರಕ್ತ ಪರೀಕ್ಷಿಸಿದಾಗ ಶಾಲೆಗೆ ಹೋಗುವ ಮೊದಲಿನ ವಯಸ್ಸಿನವರಲ್ಲಿ ಶೇ 14, ಶಾಲಾ ವಯಸ್ಸಿನವರಲ್ಲಿ ಶೇ 18, ಹದಿಹರೆಯದವರಲ್ಲಿ ಶೇ 24ರಷ್ಟು ಮಂದಿಗೆ ಡಿ ಕೊರತೆ ಕಂಡಿತು. ಅದೂ ಮಿಲಿಲೀಟರಿಗೆ 12 ನ್ಯಾನೋಗ್ರಾಂ ಎಂಬ ಕೆಳಮಟ್ಟದ ಗೆರೆ ಹಾಕಿ ಎಣಿಸಿದ್ದು. ಎನ್‌ಐಎನ್ ವಿಜ್ಞಾನಿಗಳು ಹೈದರಾಬಾದಿನ ಆರೋಗ್ಯವಂತ ವಯಸ್ಕರನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಮೂವರಿಗೆ ಈ ಕೊರತೆ ಇತ್ತು. ಸಮೀಕ್ಷೆಗಳಿಂದ ಆಚೆಗೆ, ಮನೆಮನೆಯಲ್ಲಿ ಕೇಳಿಬರುವ ಮಾತೂ ಇದೆ: ಒಂದೇ ಮನೆಯಲ್ಲಿ ಒಂದೇ ಊಟ ಮಾಡುವ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ 28, ಇನ್ನೊಬ್ಬನಿಗೆ 11. ಗುಳಿಗೆ ತಿಂದರೂ ಒಬ್ಬರಿಗೆ ಏರುತ್ತದೆ, ಇನ್ನೊಬ್ಬರಿಗೆ ಏರುವುದಿಲ್ಲ. ಹಾಗಾದರೆ ಇದು ಹುಟ್ಟಿನಿಂದಲೇ ಬಂದದ್ದೇ?

ಭಾಗಶಃ ಹೌದು. ಆ ಭಾಗ ಎಷ್ಟು ದೊಡ್ಡದು ಎಂಬುದರ ಮೇಲೆ ಕಳೆದ ಹದಿನೈದು ವರ್ಷಗಳಲ್ಲಿ ಲಕ್ಷಾಂತರ ಜನರ ರಕ್ತ ಮತ್ತು ಡಿಎನ್‌ಎ ಇಟ್ಟುಕೊಂಡು ಕೆಲಸ ನಡೆದಿದೆ. ಅದನ್ನು ಅರ್ಥ ಮಾಡಿಕೊಳ್ಳಲು ಮೊದಲು ಡಿ ನಮ್ಮ ಮೈಯಲ್ಲಿ ನಡೆಯುವ ದಾರಿ ಗೊತ್ತಿರಬೇಕು.

ಚರ್ಮದಲ್ಲಿ 7-ಡಿಹೈಡ್ರೋಕೊಲೆಸ್ಟರಾಲ್ ಎಂಬ ವಸ್ತು ಇರುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳಲ್ಲಿ ಬಿ ವರ್ಗದವು ತಾಕಿದಾಗ ಅದು ಡಿ ಆಗುತ್ತದೆ. ಅದೇ ವಸ್ತುವನ್ನು ಕೊಲೆಸ್ಟರಾಲ್ ಮಾಡಲು ಎಳೆದುಕೊಳ್ಳುವ ಒಂದು ಕಿಣ್ವವಿದೆ. ಅದರ ವಂಶವಾಹಿಯ ಹೆಸರು ಡಿಎಚ್‌ಸಿಆರ್7. ಈ ಕಿಣ್ವ ಚುರುಕಾಗಿದ್ದಷ್ಟೂ ಡಿಗೆ ಉಳಿಯುವ ಕಚ್ಚಾವಸ್ತು ಕಡಿಮೆ. ಚರ್ಮದಿಂದ ಹೊರಟ ಡಿ ಯಕೃತ್ತಿಗೆ ಬಂದಾಗ ಸಿವೈಪಿ2ಆರ್1 ಎಂಬ ವಂಶವಾಹಿಯ ಕಿಣ್ವ ಅದನ್ನು 25-ಹೈಡ್ರಾಕ್ಸಿ ರೂಪಕ್ಕೆ ತಿರುಗಿಸುತ್ತದೆ. ಲ್ಯಾಬಿನವರು ಅಳೆದು ಚೀಟಿಯಲ್ಲಿ ಬರೆದುಕೊಡುವುದು ಇದನ್ನೇ. ರಕ್ತದಲ್ಲಿ ಇದನ್ನು ಹೊತ್ತು ತಿರುಗುವ ಪ್ರೋಟೀನಿನ ವಂಶವಾಹಿ ಜಿಸಿ. ಕಿಡ್ನಿಯಲ್ಲಿ ಸಿವೈಪಿ27ಬಿ1 ಅದಕ್ಕೆ ಕೊನೆಯ ರೂಪ ಕೊಟ್ಟು ಕೆಲಸಕ್ಕೆ ಹಚ್ಚುತ್ತದೆ, ಸಿವೈಪಿ24ಎ1 ಕೆಲಸ ಮುಗಿದದ್ದನ್ನು ಒಡೆದು ಹೊರಹಾಕುತ್ತದೆ. ಜೀವಕೋಶದೊಳಗೆ ಅದರ ಸಂದೇಶ ಪಡೆಯುವ ಗ್ರಾಹಕವೇ ವಿಡಿಆರ್. ಇಷ್ಟು ಕಡೆ ಕೈ ಬದಲಾಗುವ ವಸ್ತುವಿನ ಮಟ್ಟ ಮನುಷ್ಯರಲ್ಲಿ ಒಂದೇ ಸಮ ಇರಬೇಕೆಂದು ನಿರೀಕ್ಷಿಸುವುದೇ ತಪ್ಪು.

2010ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಈ ಕ್ಷೇತ್ರದ ದೊಡ್ಡ ತಿರುವು. ಸನ್‌ಲೈಟ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಯುರೋಪಿಯನ್ ಮೂಲದ ಸುಮಾರು 34 ಸಾವಿರ ಜನರ ಇಡೀ ಜೀನೋಮನ್ನು ಜಾಲಾಡಿತು. ಎದ್ದು ಕಂಡ ಜಾಗಗಳು ಮೇಲೆ ಹೇಳಿದವೇ: ಜಿಸಿ, ಡಿಎಚ್‌ಸಿಆರ್7, ಸಿವೈಪಿ2ಆರ್1, ಅವುಗಳ ಹಿಂದೆ ಸಿವೈಪಿ24ಎ1. ಪುಸ್ತಕದಲ್ಲಿ ಓದಿದ ಜೀವರಾಸಾಯನಿಕ ದಾರಿ, ಯಾವ ಊಹೆಯೂ ಇಲ್ಲದೆ ಮಾಡಿದ ಹುಡುಕಾಟದಲ್ಲಿ ಮತ್ತೆ ಹಾಗೆಯೇ ಸಿಕ್ಕಿದ್ದು ವಿಜ್ಞಾನಿಗಳಿಗೆ ದೊಡ್ಡ ಸಮಾಧಾನ. ಮಟ್ಟ ಇಳಿಸುವ ರೂಪಾಂತರಗಳು ಹೆಚ್ಚಿರುವ ಕಾಲು ಭಾಗದ ಜನರಲ್ಲಿ, ಕಡಿಮೆಯಿರುವ ಕಾಲು ಭಾಗದವರಿಗಿಂತ, ಡಿ ಸಾಲದಿರುವ ಸಾಧ್ಯತೆ ಎರಡರಿಂದ ಎರಡೂವರೆ ಪಟ್ಟು ಹೆಚ್ಚಾಗಿತ್ತು.

ಮುಂದೆ ಸಂಖ್ಯೆಗಳು ದೊಡ್ಡದಾಗುತ್ತಾ ಹೋದವು. 2018ರಲ್ಲಿ ಸುಮಾರು 79 ಸಾವಿರ ಜನ. 2020ರಲ್ಲಿ ಬ್ರಿಟನ್ನಿನ ಯುಕೆ ಬಯೋಬ್ಯಾಂಕಿನ ನಾಲ್ಕು ಲಕ್ಷಕ್ಕೂ ಮೀರಿದ ಜನರ ಮೇಲೆ ಎರಡು ತಂಡಗಳು ಬೇರೆ ಬೇರೆಯಾಗಿ ಕೆಲಸ ಮಾಡಿದವು. ಒಂದು ತಂಡಕ್ಕೆ 143 ಜಾಗಗಳು ಸಿಕ್ಕಿದವು. ಕೆಲವು ಕುತೂಹಲಕರವಾಗಿವೆ. ಎಚ್‌ಎಎಲ್ ಎಂಬ ವಂಶವಾಹಿ ಚರ್ಮದಲ್ಲಿ ನೇರಳಾತೀತ ಕಿರಣ ಹೀರುವ ಒಂದು ಆಮ್ಲದ ತಯಾರಿಕೆಯಲ್ಲಿ ಕೈಜೋಡಿಸುತ್ತದೆ. ಅಂದರೆ ಮೈಯೇ ಮಾಡಿಕೊಳ್ಳುವ ಸನ್‌ಸ್ಕ್ರೀನ್. ಕೊಬ್ಬನ್ನು ಸಾಗಿಸುವ, ಹಾರ್ಮೋನುಗಳನ್ನು ಹೊರಹಾಕುವ ಕೆಲಸದ ವಂಶವಾಹಿಗಳೂ ಪಟ್ಟಿಯಲ್ಲಿ ಸೇರಿದವು. ಹೆಚ್ಚಿನವುಗಳ ಪರಿಣಾಮ ಒಂದೊಂದಾಗಿ ನೋಡಿದರೆ ಅತಿ ಸಣ್ಣದು. ಅಪವಾದವೂ ಇದೆ: 2017ರಲ್ಲಿ ವರದಿಯಾದ ಸಿವೈಪಿ2ಆರ್1ನ ಒಂದು ವಿರಳ ರೂಪಾಂತರ ಹೊತ್ತವರಲ್ಲಿ ಕೊರತೆಯ ಸಾಧ್ಯತೆ ಸುಮಾರು ಇಮ್ಮಡಿಯಾಗಿತ್ತು.

ಎಲ್ಲವನ್ನೂ ಕೂಡಿಸಿದರೆ? 2018ರ ಅಧ್ಯಯನದ ಪ್ರಕಾರ, ಸಾಮಾನ್ಯವಾಗಿ ಸಿಗುವ ರೂಪಾಂತರಗಳು ಜನರ ನಡುವಿನ ಡಿ ವ್ಯತ್ಯಾಸದಲ್ಲಿ ವಿವರಿಸಬಲ್ಲದ್ದು ಶೇ 7.5. ಯುಕೆ ಬಯೋಬ್ಯಾಂಕಿನ ಲೆಕ್ಕದಲ್ಲಿ ಶೇ 13ರ ಸುಮಾರು. ಅವಳಿ ಮಕ್ಕಳ ಅಧ್ಯಯನಗಳು ಇದಕ್ಕಿಂತ ಬಹಳ ದೊಡ್ಡ ಸಂಖ್ಯೆಗಳನ್ನು ಕೊಟ್ಟಿದ್ದವು. ಆದರೆ ಅವು ತಮ್ಮತಮ್ಮಲ್ಲೇ ಒಪ್ಪುವುದಿಲ್ಲ. ಅಮೆರಿಕದ ಅವಳಿ ಪುರುಷರಲ್ಲಿ ಚಳಿಗಾಲದ ಮಟ್ಟಕ್ಕೆ ಶೇ 70ರಷ್ಟು ಅನುವಂಶೀಯತೆ ಕಂಡರೆ ಬೇಸಿಗೆಯಲ್ಲಿ ಏನೂ ಕಾಣಲಿಲ್ಲ. ಸ್ವೀಡನ್ನಿನ ಅವಳಿಗಳಲ್ಲಿ ಇದರ ತದ್ವಿರುದ್ಧ: ಬೇಸಿಗೆಯಲ್ಲಿ ಸುಮಾರು ಅರ್ಧ, ಚಳಿಗಾಲದಲ್ಲಿ ನಗಣ್ಯ. ಇದನ್ನು ಅಧ್ಯಯನಗಳ ದೋಷ ಎಂದಷ್ಟೇ ತಳ್ಳಿಹಾಕುವಂತಿಲ್ಲ. ಅನುವಂಶೀಯತೆ ಎಂಬುದು ಮನುಷ್ಯನಿಗೆ ಅಂಟಿಕೊಂಡ ಸ್ಥಿರ ಸಂಖ್ಯೆಯಲ್ಲ. ಸುತ್ತಲಿನ ಬಿಸಿಲು, ಬಟ್ಟೆ, ಊಟ ಬದಲಾದರೆ ಅದೂ ಬದಲಾಗುತ್ತದೆ. ಸ್ಟಾಕ್‌ಹೋಮಿನಲ್ಲಿ ಅಳೆದ ಅಂಕಿಯನ್ನು ನಾಚಾರಂಗೆ ತಂದು ಹಚ್ಚಲು ಬರುವುದಿಲ್ಲ.

ಜಿಸಿ ವಂಶವಾಹಿಯ ಚರಿತ್ರೆಯನ್ನು ಸ್ವಲ್ಪ ನಿಂತು ನೋಡಬೇಕು. 1959ರಲ್ಲಿ ಸ್ವೀಡನ್ನಿನ ಯಾನ್ ಹಿರ್ಷ್‌ಫೆಲ್ಡ್ ರಕ್ತದಲ್ಲಿ ಜನರಿಂದ ಜನರಿಗೆ ರೂಪ ಬದಲಿಸುವ ಒಂದು ಪ್ರೋಟೀನನ್ನು ಗುರುತಿಸಿದಾಗ ಅದರ ಕೆಲಸವೇನೆಂದು ಯಾರಿಗೂ ತಿಳಿದಿರಲಿಲ್ಲ. ತಂದೆ ಯಾರೆಂಬ ವ್ಯಾಜ್ಯಗಳಲ್ಲಿ, ಜನಾಂಗಗಳ ಸಂಬಂಧ ಹುಡುಕುವಲ್ಲಿ ಅದನ್ನು ಗುರುತಿನ ಚೀಟಿಯಂತೆ ಬಳಸಿದರು. ಸಿಡಿಎಫ್‌ಡಿಯಲ್ಲಿ ಡಿಎನ್‌ಎ ಮಾಡುವ ಕೆಲಸವನ್ನು ಡಿಎನ್‌ಎ ಬೆರಳಚ್ಚು ಬರುವ ಮೊದಲು ಮಾಡುತ್ತಿದ್ದ ಪ್ರೋಟೀನುಗಳಲ್ಲಿ ಇದೂ ಒಂದು. 1975ರಲ್ಲಿ ಗೊತ್ತಾಯಿತು: ಇದು ವಿಟಮಿನ್ ಡಿಯನ್ನು ಹೊರುವ ಪ್ರೋಟೀನು. ಇದಕ್ಕೆ ಮುಖ್ಯವಾಗಿ ಮೂರು ರೂಪಗಳಿವೆ. ಯಾವ ರೂಪ ಬಂದಿದೆ ಎಂಬುದರ ಮೇಲೆ ರಕ್ತದ ಒಟ್ಟು ಡಿ ಮಟ್ಟ ಹೆಚ್ಚುಕಡಿಮೆಯಾಗುತ್ತದೆ.

ಹೊರುವ ಪ್ರೋಟೀನು ಕಡಿಮೆಯಿದ್ದರೆ ರಕ್ತಪರೀಕ್ಷೆಯ ಅಂಕಿಯೂ ಇಳಿಯುತ್ತದೆ. ಆದರೆ ಮೂಳೆಗೆ ತಲುಪುವ ಡಿ ಇಳಿಯಿತೇ? 2019ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಒಬ್ಬ 58 ವರ್ಷದ ಮಹಿಳೆಯ ವಿವರ ಪ್ರಕಟಿಸಿತು. ಆಕೆಗೆ ತಂದೆತಾಯಿ ಇಬ್ಬರಿಂದಲೂ ಜಿಸಿ ವಂಶವಾಹಿಯೇ ಬಂದಿರಲಿಲ್ಲ. ಎಷ್ಟು ಡಿ ಕೊಟ್ಟರೂ ರಕ್ತದಲ್ಲಿ ಅದು ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ. ಆದರೂ ಅಷ್ಟು ಕಡಿಮೆ ಅಂಕಿಗೆ ನಿರೀಕ್ಷಿಸಬಹುದಾದ, ಮೂಳೆ ಸೊಟ್ಟಗಾಗುವ ರಿಕೆಟ್ಸ್ ಆಕೆಗೆ ಬಂದಿರಲಿಲ್ಲ. ಚೀಟಿಯ ಅಂಕಿಯೇ ಆರೋಗ್ಯ ಎಂದುಕೊಳ್ಳುವವರು ಈ ಒಂದು ಪ್ರಕರಣವನ್ನು ನೆನಪಿಡಬೇಕು.

ಅದಕ್ಕೂ ಮೊದಲು, 2013ರಲ್ಲಿ, ಇದೇ ಎಳೆ ಹಿಡಿದ ಅಮೆರಿಕದ ಒಂದು ತಂಡ, ಕಪ್ಪುವರ್ಣೀಯರಲ್ಲಿ ಡಿ ಕಡಿಮೆ ಕಂಡರೂ ಹೊರುವ ಪ್ರೋಟೀನೂ ಕಡಿಮೆ ಇರುವುದರಿಂದ ಬಳಕೆಗೆ ಸಿಗುವ ಡಿ ಬಿಳಿಯರಷ್ಟೇ ಇದೆ ಎಂದಿತು. ಸುದ್ದಿ ಜಗತ್ತಿಡೀ ಹರಡಿತು. ನಂತರ ಬೇರೆ ವಿಧಾನಗಳಲ್ಲಿ ಅಳೆದಾಗ ಪ್ರೋಟೀನಿನ ಆ ವ್ಯತ್ಯಾಸ ಉಳಿಯಲಿಲ್ಲ. ಮೊದಲು ಬಳಸಿದ ಪರೀಕ್ಷೆ ಜಿಸಿಯ ಒಂದು ರೂಪವನ್ನು, ಆಫ್ರಿಕನ್ ಮೂಲದವರಲ್ಲಿ ಹೆಚ್ಚಾಗಿರುವ ರೂಪವನ್ನೇ, ಸರಿಯಾಗಿ ಹಿಡಿಯುತ್ತಿರಲಿಲ್ಲ. ವಂಶವಾಹಿಯ ವ್ಯತ್ಯಾಸ ಅಳತೆಗೋಲನ್ನೇ ದಾರಿ ತಪ್ಪಿಸಿತ್ತು.

ವಿಡಿಆರ್ ಗ್ರಾಹಕದ ಕಥೆ ಇನ್ನೂ ಪಾಠ ಕಲಿಸುವಂಥದ್ದು. 1994ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ, ಈ ಒಂದೇ ವಂಶವಾಹಿಯ ರೂಪಗಳು ಮೂಳೆಯ ಸಾಂದ್ರತೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ ಎಂದು ಬರೆದರು. ಮೂಳೆ ಸವೆತಕ್ಕೆ ವಂಶವಾಹಿ ಸಿಕ್ಕಿತು ಎಂಬ ಸಂಭ್ರಮ ಎದ್ದಿತು. 1997ರಲ್ಲಿ ಅದೇ ತಂಡ ಅದೇ ಪತ್ರಿಕೆಯಲ್ಲಿ ತಿದ್ದುಪಡಿ ಪ್ರಕಟಿಸಬೇಕಾಯಿತು. 2006ರಲ್ಲಿ 26 ಸಾವಿರಕ್ಕೂ ಹೆಚ್ಚು ಯುರೋಪಿಯನ್ನರ ಮೇಲೆ ನಡೆದ ಅಧ್ಯಯನ, ಆಗ ಹೆಸರಾಗಿದ್ದ ಫೋಕ್, ಬಿಎಸ್ಎಂ, ಎಪಿಎ, ಟ್ಯಾಕ್ ರೂಪಾಂತರಗಳಿಗೂ ಮೂಳೆಯ ಸಾಂದ್ರತೆಗೂ ಮೂಳೆ ಮುರಿತಕ್ಕೂ ಸಂಬಂಧವಿಲ್ಲ ಎಂದಿತು. ಇಷ್ಟಾದರೂ ಇವೇ ನಾಲ್ಕು ಹೆಸರುಗಳು ನೂರಿನ್ನೂರು ರೋಗಿಗಳ ಸಣ್ಣ ಅಧ್ಯಯನಗಳಲ್ಲಿ ಇಂದಿಗೂ ಬರುತ್ತಲೇ ಇವೆ. ಭಾರತದಲ್ಲೂ ಇಂಥವು ಸಾಕಷ್ಟು ಬಂದಿವೆ. ಅವುಗಳಲ್ಲಿ ಹೆಚ್ಚಿನವು ದೊಡ್ಡ ಸಂಖ್ಯೆಯ ಮುಂದೆ ನಿಲ್ಲುವುದಿಲ್ಲ ಎಂದೇ ಹೇಳಬೇಕು.

ಹಾಗಾದರೆ ಭಾರತೀಯರ ಮಟ್ಟಿಗೆ ಎಲ್ಲರ ಕಣ್ಣಿಗೆ ಬೀಳುವ ವಂಶವಾಹಿ ವ್ಯತ್ಯಾಸ ಯಾವುದು? ಚರ್ಮದ ಬಣ್ಣ. ಮೆಲನಿನ್ ಹೆಚ್ಚಿದ್ದಷ್ಟೂ ಡಿ ತಯಾರಾಗಲು ಹೆಚ್ಚು ಹೊತ್ತಿನ ಬಿಸಿಲು ಬೇಕು. ಇಲ್ಲಿ ಹಬ್ಸಿಗುಡದ ಸಿಸಿಎಂಬಿ ಕೆಲಸ ಮುಖ್ಯ. ಎಸ್‌ಎಲ್‌ಸಿ24ಎ5 ಎಂಬ ವಂಶವಾಹಿ 2005ರಲ್ಲಿ ಜೀಬ್ರಾ ಮೀನಿನ ಬಣ್ಣದ ಮೂಲಕ ಬೆಳಕಿಗೆ ಬಂದಿತ್ತು. ಸಿಸಿಎಂಬಿಯ ಕುಮಾರಸಾಮಿ ತಂಗರಾಜ್ ಮತ್ತು ವಿದೇಶಿ ಸಹಯೋಗಿಗಳು 2013ರಲ್ಲಿ ತೋರಿಸಿದಂತೆ, ಇದರ ತಿಳಿಬಣ್ಣದ ರೂಪ ಭಾರತದಲ್ಲಿ ವ್ಯಾಪಕವಾಗಿದೆ. ಯುರೋಪಿನದಕ್ಕೂ ಇದಕ್ಕೂ ಮೂಲ ಒಂದೇ. ದಕ್ಷಿಣ ಭಾರತದ ಕೃಷಿಕ ಸಮುದಾಯಗಳಲ್ಲಿ ಚರ್ಮದ ಬಣ್ಣದ ವ್ಯತ್ಯಾಸದ ಸುಮಾರು ಕಾಲು ಭಾಗವನ್ನು ಈ ಒಂದೇ ರೂಪಾಂತರ ವಿವರಿಸಿತು. ಒಂದೇ ಊರಿನಲ್ಲಿ, ಒಂದೇ ಮನೆತನದಲ್ಲಿ ಕೂಡ ಈ ರೂಪ ಇದ್ದವರೂ ಇಲ್ಲದವರೂ ಇರುತ್ತಾರೆ.

ಆದರೆ ಕಪ್ಪು ಮೈಬಣ್ಣವೇ ಕೊರತೆಗೆ ಕಾರಣ ಎನ್ನುವ ಮೊದಲು ಬಿಸಿಲಿನ ಲೆಕ್ಕ ಹಾಕಬೇಕು. ಹೈದರಾಬಾದ್ ಇರುವುದು ಸುಮಾರು 17.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನ ಅತಿ ಚಿಕ್ಕ ಹಗಲಿನಲ್ಲೂ ಮಧ್ಯಾಹ್ನದ ಸೂರ್ಯ ಇಲ್ಲಿ 49 ಡಿಗ್ರಿ ಎತ್ತರದಲ್ಲಿರುತ್ತಾನೆ. ಹಾಗಾಗಿ ಡಿ ತಯಾರಿಸುವ ಕಿರಣಗಳಿಗೆ ವರ್ಷದ ಯಾವ ತಿಂಗಳಲ್ಲೂ ಬರವಿಲ್ಲ. ತಿರುಪತಿಯಲ್ಲಿ ಸಿ.ವಿ. ಹರಿನಾರಾಯಣ್ ಮತ್ತು ಸಂಗಡಿಗರು 7-ಡಿಹೈಡ್ರೋಕೊಲೆಸ್ಟರಾಲ್ ಅನ್ನು ಬಿಸಿಲಿಗೆ ಇಟ್ಟು ಅಳೆದಾಗ ಪರಿವರ್ತನೆ ಅತಿ ಹೆಚ್ಚು ನಡೆದದ್ದು ಬೆಳಗಿನ 11ರಿಂದ ಮಧ್ಯಾಹ್ನ 2ರವರೆಗೆ. ಅವರದೇ ಇನ್ನೊಂದು ಅಧ್ಯಯನದಲ್ಲಿ, ಹೊಲದಲ್ಲಿ ದುಡಿಯುವ ಹಳ್ಳಿಗರ ಡಿ ಮಟ್ಟ ಪಟ್ಟಣದವರಿಗಿಂತ ಹೆಚ್ಚಾಗಿತ್ತು. ಇಬ್ಬರೂ ಅದೇ ಸೀಮೆಯವರು, ಇಬ್ಬರ ಚರ್ಮವೂ ಅಂಥದ್ದೇ.

ನಾಚಾರಂನ ಪಾಳಿ ಕೆಲಸಗಾರರ ದಿನವನ್ನು ಇದರ ಪಕ್ಕಕ್ಕಿಟ್ಟು ನೋಡಿ. 11ರಿಂದ 2ರ ಹೊತ್ತಿನಲ್ಲಿ ಅವರು ತಗಡು ಅಥವಾ ಕಾಂಕ್ರೀಟು ಮಾಡಿನ ಕೆಳಗಿರುತ್ತಾರೆ. ಔಷಧ ಘಟಕವಾದರೆ ತಲೆಯಿಂದ ಕಾಲಿನವರೆಗೆ ಗೌನು, ಟೋಪಿ, ಕೈಗವಸು. ಕಿಟಕಿಯ ಗಾಜು ಬೆಳಕನ್ನು ಬಿಡುತ್ತದೆ, ಬಿ ವರ್ಗದ ನೇರಳಾತೀತವನ್ನು ತಡೆಯುತ್ತದೆ. ಮನೆ ಮುಟ್ಟುವಾಗ ಸೂರ್ಯ ಇಳಿದಿರುತ್ತಾನೆ. ಮನೆಯಲ್ಲಿರುವ ಹೆಂಗಸರಿಗೂ ಒಂದಕ್ಕೊಂದು ಅಂಟಿದ ಕಟ್ಟಡಗಳ ನಡುವೆ ನೆತ್ತಿಯ ಬಿಸಿಲು ಸಿಗುವುದು ಮಹಡಿಯ ಮೇಲೆ ಮಾತ್ರ. ನಮ್ಮ ಕಡೆ ಹಸುಗೂಸಿಗೆ ಎಣ್ಣೆ ತಿಕ್ಕಿ ಎಳೆಬಿಸಿಲಿಗೆ ಹಿಡಿಯುವ ರೂಢಿಯಿದೆ. ಮಗುವಿಗೆ ಹಿತ ನಿಜ, ಆದರೆ ಏಳು ಗಂಟೆಯ ಓರೆ ಬಿಸಿಲಿನಲ್ಲಿ ಡಿ ತಯಾರಿಸುವ ಕಿರಣ ಬಹಳ ಕಡಿಮೆ. ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತೇ ಡಿಗೆ ತಕ್ಕ ಹೊತ್ತು.

ಗಾಳಿಯ ಪಾತ್ರಕ್ಕೆ ದೆಹಲಿಯ ಒಂದು ಉದಾಹರಣೆ ಸಾಕು. 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೊಗೆ ತುಂಬಿದ ಮೋರಿ ಗೇಟ್ ಪ್ರದೇಶದ ಎಳೆಯ ಮಕ್ಕಳ ಸರಾಸರಿ ಡಿ ಮಟ್ಟ 12.4 ನ್ಯಾನೋಗ್ರಾಂ, ಆಗಿನ್ನೂ ಗಾಳಿ ಸ್ವಚ್ಛವಾಗಿದ್ದ ಗುರುಗ್ರಾಮದ ಮಕ್ಕಳಲ್ಲಿ 27.1. ಎರಡು ಪಟ್ಟಿಗೂ ಮೀರಿದ ಅಂತರ. ಇಲ್ಲಿಯವರೆಗೆ ಸಿಕ್ಕ ಯಾವ ಸಾಮಾನ್ಯ ರೂಪಾಂತರವೂ ಒಬ್ಬ ಮನುಷ್ಯನಲ್ಲಿ ಇಷ್ಟು ವ್ಯತ್ಯಾಸ ಮಾಡುವುದಿಲ್ಲ.

ಇನ್ನೊಂದು ಕಾರಣ ಊಟದ ತಟ್ಟೆಯಲ್ಲಿದೆ, ಅದರ ಚರ್ಚೆ ಸಾಲದು. ರಕ್ತದ ಡಿ ಮಟ್ಟವನ್ನು ಕೆರೆಯ ನೀರಿನಂತೆ ನೋಡಬೇಕು: ಒಳಹರಿವು ಎಷ್ಟೇ ಇರಲಿ, ತೂಬು ತೆರೆದೇ ಇದ್ದರೆ ಕೆರೆ ತುಂಬದು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಾಗ ದೇಹ ಕ್ರಿಯಾಶೀಲ ಡಿಯನ್ನು ಹೆಚ್ಚು ತಯಾರಿಸುತ್ತದೆ, ಅದರ ಪರಿಣಾಮವಾಗಿ ಸಂಗ್ರಹದ ಡಿ ಬೇಗ ಒಡೆದುಹೋಗುತ್ತದೆ. 1987ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದ್ದರು. ಹರಿನಾರಾಯಣ್ ತಂಡ 2007ರಲ್ಲಿ ದಕ್ಷಿಣ ಭಾರತದವರಲ್ಲಿ ಕಂಡದ್ದು ಇದೇ ಜೋಡಿ: ಕಡಿಮೆ ಕ್ಯಾಲ್ಸಿಯಂ, ಅದನ್ನು ಹಿಡಿದಿಡುವ ಫೈಟೇಟ್ ಹೆಚ್ಚಿರುವ ಊಟ, ಜೊತೆಗೆ ಡಿ ಕೊರತೆ. ಪಾಲಿಶ್ ಮಾಡಿದ ಅಕ್ಕಿ ರಾಗಿಯ ಜಾಗಕ್ಕೆ ಬಂದ ಮನೆಗಳಲ್ಲಿ ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಎನ್‌ಐಎನ್ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಸಣ್ಣ ಪಾಲಷ್ಟೇ ಇದೆ.

ಮೈತೂಕದ್ದೂ ದೊಡ್ಡ ಪಾತ್ರ. ಡಿ ಕೊಬ್ಬಿನಲ್ಲಿ ಕರಗುವ ಜೀವಸತ್ವ. ಬ್ರಿಟನ್ನಿನಲ್ಲಿ ಕೆಲಸ ಮಾಡುವ ಕರಣಿ ವಿಮಲೇಶ್ವರನ್ ಮತ್ತು ಸಂಗಡಿಗರು 2013ರಲ್ಲಿ 42 ಸಾವಿರ ಜನರ ವಂಶವಾಹಿಗಳನ್ನೇ ಸಾಕ್ಷಿಯಾಗಿಟ್ಟು ಒಂದು ಹಳೆಯ ಗೊಂದಲ ಬಿಡಿಸಿದರು: ಬೊಜ್ಜು ಡಿಯನ್ನು ಇಳಿಸುತ್ತದೆಯೇ, ಡಿ ಕೊರತೆ ಬೊಜ್ಜು ತರುತ್ತದೆಯೇ? ಬೊಜ್ಜಿನ ರೂಪಾಂತರಗಳಿರುವವರಲ್ಲಿ ಡಿ ಕಡಿಮೆಯಿತ್ತು. ಡಿ ಇಳಿಸುವ ರೂಪಾಂತರಗಳಿರುವವರಲ್ಲಿ ಬೊಜ್ಜು ಹೆಚ್ಚಿರಲಿಲ್ಲ. ಹುಟ್ಟಿನಲ್ಲೇ ಚೀಟಿ ಎತ್ತಿದಂತೆ ಹಂಚಿಕೆಯಾಗುವ ವಂಶವಾಹಿಗಳನ್ನು ಹೀಗೆ ಬಳಸುವ ವಿಧಾನದಿಂದಲೇ 2015ರಲ್ಲಿ ಇನ್ನೊಂದು ಮುಖ್ಯ ಸಂಗತಿ ಹೊರಬಂತು. ಹುಟ್ಟಿನಿಂದ ಡಿ ಕಡಿಮೆಯಿರುವಂತೆ ಮಾಡುವ ರೂಪಾಂತರಗಳು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಅಪಾಯವನ್ನು ಹೆಚ್ಚಿಸುತ್ತವೆ. ಆದರೆ ಹೃದ್ರೋಗ, ಕ್ಯಾನ್ಸರುಗಳಿಗೆ ಡಿ ಮದ್ದಾಗಬಹುದೆಂಬ ಆಸೆ ಫಲಿಸಲಿಲ್ಲ. ಅಮೆರಿಕದ ವೈಟಲ್ ಎಂಬ ಪ್ರಯೋಗದಲ್ಲಿ 25,871 ಜನರ ಒಂದು ಭಾಗಕ್ಕೆ ದಿನಕ್ಕೆ 2000 ಯೂನಿಟ್ ಡಿ ಕೊಟ್ಟು ನೋಡಿದಾಗ ಕ್ಯಾನ್ಸರ್, ಹೃದಯಾಘಾತ, ಮೂಳೆ ಮುರಿತ ಯಾವುದೂ ಕಡಿಮೆಯಾಗಲಿಲ್ಲ.

ವಂಶವಾಹಿ ಅದೇ, ಬದುಕು ಬೇರೆಯಾದರೆ ಏನಾಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೊ ಸ್ಪಷ್ಟ ಸಾಕ್ಷಿ. ಪಾಕಿಸ್ತಾನದಿಂದ ಅಲ್ಲಿಗೆ ಹೋದ ಕುಟುಂಬಗಳ ಮಕ್ಕಳಲ್ಲಿ ರಿಕೆಟ್ಸ್, ಹೆಂಗಸರಲ್ಲಿ ಮೂಳೆ ಮೆತ್ತಗಾಗುವ ರೋಗ ಕಾಣಿಸಿದ್ದನ್ನು 1962ರಲ್ಲಿ ಡನಿಗನ್ ಮೊದಲಾದ ವೈದ್ಯರು ವರದಿ ಮಾಡಿದರು. ಮುಂದೆ ಮಕ್ಕಳಿಗೆ ಡಿ ಹನಿಗಳನ್ನು ಹಂಚುವ ಕಾರ್ಯಕ್ರಮ ನಡೆದು ರೋಗ ಇಳಿಯಿತು. ಯಾರ ವಂಶವಾಹಿಯೂ ಬದಲಾಗಿರಲಿಲ್ಲ. ಇಂದಿಗೂ ಬ್ರಿಟನ್ನಿನಲ್ಲಿ ಈ ಸಮಸ್ಯೆ ಮುಗಿದಿಲ್ಲ. ಯುಕೆ ಬಯೋಬ್ಯಾಂಕಿನ ದಕ್ಷಿಣ ಏಷ್ಯಾ ಮೂಲದ ಆರು ಸಾವಿರಕ್ಕೂ ಹೆಚ್ಚು ವಯಸ್ಕರಲ್ಲಿ ಚಳಿಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮಟ್ಟ ಮಿಲಿಲೀಟರಿಗೆ 10 ನ್ಯಾನೋಗ್ರಾಮಿಗಿಂತ ಕೆಳಗಿತ್ತು. ಲಂಡನ್, ಬರ್ಮಿಂಗ್‌ಹ್ಯಾಮಿನಲ್ಲಿರುವ ಕನ್ನಡ ಕುಟುಂಬಗಳು ಚಳಿಗಾಲದ ಡಿ ಗುಳಿಗೆಯನ್ನು ಬಿಡಬಾರದು ಎನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಇಲ್ಲಿಗೆ ವಂಶವಾಹಿಯ ಪಾತ್ರ ಸಣ್ಣದು ಎಂದು ಮುಗಿಸಿಬಿಟ್ಟರೆ ಅನ್ಯಾಯವಾಗುತ್ತದೆ. ಕೆಲವು ಮಕ್ಕಳಿಗೆ ಅದೇ ಎಲ್ಲವೂ ಆಗಿರುತ್ತದೆ.

ಕರ್ನಾಟಕದ ನೆನಪಿನಲ್ಲೇ ಇದಕ್ಕೆ ಹತ್ತಿರದ ಉದಾಹರಣೆ ಇದೆ. 1970ರ ದಶಕದ ನಡುವಿನಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮಂಡಿ ಹಿಡಿದು ನಡೆಯಲಾರದ ಸ್ಥಿತಿಗೆ ಜನ ಬಂದರು. ಬಡ ದಲಿತ ಕುಟುಂಬಗಳೇ ಹೆಚ್ಚು ನೊಂದವು. ಔಷಧಿ ಹೊಡೆದ ಗದ್ದೆಯ ಏಡಿ ತಿಂದದ್ದರಿಂದ ಬಂತು ಎಂಬ ಶಂಕೆ ಬಲವಾಗಿತ್ತು. ತಾರ್ನಾಕಾದ ಎನ್‌ಐಎನ್‌ನಿಂದ ವಿಜ್ಞಾನಿಗಳು ಅಲ್ಲಿಗೆ ಹೋದರು. ಕೃಷ್ಣಮಾಚಾರಿ ಮತ್ತು ಭಟ್ 1978ರಲ್ಲಿ ಮಲೆನಾಡಿನ ಈ ಸಂಧಿ ರೋಗ ಕುಟುಂಬಗಳಲ್ಲಿ ಹರಿದುಬರುವುದನ್ನು ದಾಖಲಿಸಿದರು. ಇದು ತಲೆಮಾರಿನಿಂದ ತಲೆಮಾರಿಗೆ ಸಾಗುವ ಮೂಳೆಯ ಬೆಳವಣಿಗೆಯ ದೋಷ ಎಂದು ಮುಂದಿನ ಸಂಶೋಧನೆ ತೋರಿಸಿತು. ಹಂದಿಗೋಡು ಕಾಯಿಲೆ ಡಿ ಕೊರತೆಯಲ್ಲ. ಆದರೆ ಬಡವರ ಮೂಳೆ ನೋವಿನ ಮುಂದೆ ಊಟವೋ ವಂಶವೋ ಎಂಬ ಪ್ರಶ್ನೆ ಬಿಡಿಸಲು ಎಷ್ಟು ವರ್ಷ ಹಿಡಿಯಬಹುದು, ಅಷ್ಟರಲ್ಲಿ ಎಷ್ಟು ಜನ ಕುಂಟಬೇಕಾಗುತ್ತದೆ ಎಂಬುದನ್ನು ಅದು ಕಲಿಸಿದೆ.

ಡಿ ದಾರಿಯಲ್ಲೇ ಇರುವ ವಂಶವಾಹಿ ರೋಗಗಳು ವಿರಳ, ಆದರೆ ಗುರುತಿಸಬಲ್ಲವು. ಸಿವೈಪಿ27ಬಿ1ನ ಎರಡೂ ಪ್ರತಿಗಳು ಕೆಟ್ಟ ಮಗುವಿಗೆ ಮಾಮೂಲು ಡಿ ಹನಿ ಎಷ್ಟು ಕೊಟ್ಟರೂ ಕಾಲು ಸೊಟ್ಟಗಾಗುವುದು ನಿಲ್ಲುವುದಿಲ್ಲ. ಡಿಯ ಕೊನೆಯ ರೂಪವಾದ ಕ್ಯಾಲ್ಸಿಟ್ರಯಾಲ್ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ವಿಡಿಆರ್ ಕೆಟ್ಟ ಮಕ್ಕಳಲ್ಲಿ ರಿಕೆಟ್ಸ್ ಜೊತೆಗೆ ತಲೆಗೂದಲು ಉದುರಿ ಬೋಳಾಗುವುದುಂಟು. ಸುಮಾರು 20 ಸಾವಿರಕ್ಕೆ ಒಬ್ಬರಲ್ಲಿ ಕಾಣುವ, ರಂಜಕವನ್ನು ಮೂತ್ರದಲ್ಲಿ ಕಳೆದುಕೊಳ್ಳುವ ರಿಕೆಟ್ಸ್‌ನ ಮೂಲ ಪಿಎಚ್‌ಇಎಕ್ಸ್ ಎಂಬ ಬೇರೆಯೇ ವಂಶವಾಹಿ. ಮೊದಲೆರಡರಂತೆ ಎರಡೂ ಪ್ರತಿ ಕೆಟ್ಟರೆ ಮಾತ್ರ ಕಾಣುವ ರೋಗಗಳು ಒಳಸಂಬಂಧದ ಮದುವೆಗಳಲ್ಲಿ ಹೆಚ್ಚು. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ಸಂಶೋಧಕ ಬಿಟಲ್ಸ್ ಮತ್ತು ಕರ್ನಾಟಕದ ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಪಾಲು ಮದುವೆಗಳು ಸೋದರಮಾವ, ಅತ್ತೆಮಗ, ಮಾವನ ಮಗಳ ನಡುವಿನಂಥವು. ಹತ್ತಿರದ ಮದುವೆ ಇಲ್ಲದಿದ್ದರೂ ಜಾತಿಯೊಳಗಿನ ಮದುವೆಯೇ ಸಾವಿರಾರು ವರ್ಷಗಳಿಂದ ಗುಂಪುಗಳನ್ನು ಬೇರ್ಪಡಿಸಿಟ್ಟಿದೆ. ಸಿಸಿಎಂಬಿ ಪಾಲ್ಗೊಂಡ 2017ರ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳಲ್ಲಿ 81ರ ಮೂಲಪುರುಷರ ಸಂಖ್ಯೆ, ಇಂಥ ರೋಗಗಳಿಗೆ ಹೆಸರಾದ ಫಿನ್ನರು ಮತ್ತು ಅಶ್ಕೆನಾಜಿ ಯಹೂದಿಗಳಿಗಿಂತಲೂ ಕಿರಿದಾಗಿತ್ತು. ತೆಲಂಗಾಣದ ವೈಶ್ಯರಲ್ಲಿ ಅರಿವಳಿಕೆಯ ಹೊತ್ತಿನಲ್ಲಿ ಅಪಾಯ ತರುವ ಕಿಣ್ವದ ಕೊರತೆ ಇರುವುದು ಇದರ ಪ್ರಸಿದ್ಧ ಉದಾಹರಣೆ. ಡಿ ದಾರಿಯ ವಂಶವಾಹಿಗಳಲ್ಲೂ ಯಾವ ಗುಂಪಿನಲ್ಲಿ ಏನು ಅಡಗಿದೆ ಎಂದು ಹುಡುಕುವ ಕೆಲಸ ಇಲ್ಲಿಯೇ ಆಗಬೇಕು.

ಎದುರು ದಿಕ್ಕಿನ ಅಪಾಯವೂ ಇದೆ. 1950ರ ದಶಕದಲ್ಲಿ ಬ್ರಿಟನ್ನಿನಲ್ಲಿ ಡಿ ಬೆರೆಸಿದ ಹಾಲಿನಪುಡಿ ಕುಡಿದ ಕೆಲವು ಶಿಶುಗಳ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿ ಅವು ಕಾಯಿಲೆ ಬಿದ್ದವು. ಇಂಥ ಕೆಲವು ಶಿಶುಗಳಲ್ಲಿ ಡಿಯನ್ನು ಒಡೆಯುವ ಸಿವೈಪಿ24ಎ1 ಕೆಟ್ಟಿರುತ್ತದೆ ಎಂಬುದು ತಿಳಿದದ್ದು 2011ರಲ್ಲಿ. ಬಹುಪಾಲು ಜನರಿಗೆ ನಿರಪಾಯವಾದ ಪ್ರಮಾಣ ಕೆಲವರಿಗೆ ವಿಷವಾಗಬಹುದು. ನಮ್ಮಲ್ಲಿ ವಾರಕ್ಕೊಂದರಂತೆ 60 ಸಾವಿರ ಯೂನಿಟ್ಟಿನ ಪುಡಿ ಪೊಟ್ಟಣ ತೆಗೆದುಕೊಂಡು, ಡಾಕ್ಟರು ಹೇಳಿದ ಎಂಟು ವಾರ ಮುಗಿದ ಮೇಲೂ ಅಂಗಡಿಯಿಂದ ತರಿಸಿ ಕುಡಿಯುತ್ತಾ ಹೋಗುವವರಿದ್ದಾರೆ. ಆರು ಲಕ್ಷ ಯೂನಿಟ್ಟಿನ ಚುಚ್ಚುಮದ್ದನ್ನು ಮೇಲಿಂದ ಮೇಲೆ ಚುಚ್ಚಿಸಿಕೊಂಡು ಕಿಡ್ನಿ ಕೆಡಿಸಿಕೊಂಡ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಕೊನೆಗೆ ಉಗುಳು ಕಳಿಸಿದರೆ ನಿಮ್ಮ ಡಿ ವಂಶವಾಹಿ ಹೇಳುತ್ತೇವೆ ಎನ್ನುವ ಪರೀಕ್ಷೆಗಳ ವಿಷಯ. ಅವುಗಳಲ್ಲಿ ಬಹುಪಾಲು ಅಂಕ ಹಾಕುವುದು ಯುರೋಪಿಯನ್ನರಲ್ಲಿ ಸಿಕ್ಕ ರೂಪಾಂತರಗಳಿಂದ, ಮತ್ತು ಆ ಅಂಕಗಳು ಬೇರೆ ಮೂಲದವರಲ್ಲಿ ಅಷ್ಟು ಸರಿಯಾಗಿ ಕೂಡಿಬರುವುದಿಲ್ಲ. ಭಾರತೀಯರ ಮೇಲೆ ಇಡೀ ಜೀನೋಮ್ ಜಾಲಾಡಿದ ಕೆಲಸ ಕಡಿಮೆ. 2016ರಲ್ಲಿ ಪಂಜಾಬಿ ಸಿಖ್ಖರ ಮೇಲೆ ನಡೆದ ಅಧ್ಯಯನಕ್ಕೆ 20ನೆಯ ವರ್ಣತಂತುವಿನಲ್ಲಿ ಯುರೋಪಿನ ಪಟ್ಟಿಯಲ್ಲಿಲ್ಲದ ಒಂದು ಜಾಗ ಸಿಕ್ಕಿದ್ದೇ ಹೇಳುತ್ತದೆ, ಹುಡುಕಿದರೆ ಇಲ್ಲಿನದೇ ಉತ್ತರಗಳಿವೆ ಎಂದು. 2020ರಲ್ಲಿ ಆರಂಭವಾದ ಜೀನೋಮ್ ಇಂಡಿಯಾ ಯೋಜನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ, ಸಿಸಿಎಂಬಿ ಮುಂತಾದ ಸಂಸ್ಥೆಗಳ ಜೊತೆ 10 ಸಾವಿರ ಭಾರತೀಯರ ಜೀನೋಮ್ ಓದಿ ಮುಗಿಸಿದೆ. ಮಾಹಿತಿ 2025ರ ಜನವರಿಯಿಂದ ಸಂಶೋಧಕರಿಗೆ ಸಿಗುತ್ತಿದೆ. ಆ ಜೀನೋಮುಗಳ ಪಕ್ಕದಲ್ಲಿ ರಕ್ತದ ಡಿ ಮಟ್ಟ, ಬಿಸಿಲಿನ ಹೊತ್ತು, ತಟ್ಟೆಯ ಕ್ಯಾಲ್ಸಿಯಂ ಮೂರೂ ಬರೆದಿಟ್ಟರೆ ಮಾತ್ರ ಈ ಪ್ರಶ್ನೆಗೆ ನಮ್ಮ ಉತ್ತರ ಸಿಗುತ್ತದೆ. ತಾರ್ನಾಕಾ ಮತ್ತು ಹಬ್ಸಿಗುಡದ ಸಂಸ್ಥೆಗಳು ಅದನ್ನು ಕೈಗೆತ್ತಿಕೊಳ್ಳಲಿ.

ಅಲ್ಲಿಯವರೆಗೆ, ಇಂಥ ವಂಶವಾಹಿ ಪರೀಕ್ಷೆಗೆ ದುಡ್ಡು ಹಾಕುವ ಅಗತ್ಯ ಸಾಮಾನ್ಯ ಓದುಗರಿಗಿಲ್ಲ. ವಯಸ್ಕರಿಗೆ ದಿನಕ್ಕೆ 600 ಯೂನಿಟ್ ಡಿ ಬೇಕೆನ್ನುತ್ತದೆ ಎನ್‌ಐಎನ್‌ನ 2020ರ ಶಿಫಾರಸು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ತೋಳು ಮುಖಕ್ಕೆ ಬಿಸಿಲು ತಾಕುವಂತೆ ಸ್ವಲ್ಪ ಹೊತ್ತು ಹೊರಗೆ ಬನ್ನಿ, ಪ್ಲಸ್ ಎಫ್ ಗುರುತಿರುವ ಹಾಲು, ಎಣ್ಣೆ ಕೊಳ್ಳಿ, ರಾಗಿ ಮೊಸರು ಬಿಡಬೇಡಿ. ಆದರೆ ಮಗುವಿನ ಕಾಲು ಸೊಟ್ಟಗಾಗುತ್ತಿದ್ದು, ಡಾಕ್ಟರು ಕೊಟ್ಟ ಡಿ ಮೂರು ತಿಂಗಳಾದರೂ ಕೆಲಸ ಮಾಡದಿದ್ದರೆ, ಅಥವಾ ಮನೆತನದಲ್ಲಿ ಇನ್ನೊಬ್ಬರಿಗೂ ಹಾಗೆಯೇ ಆಗಿದ್ದರೆ, ಇನ್ನೊಂದು ಪೊಟ್ಟಣ ಕುಡಿಸುತ್ತಾ ಕೂರಬೇಡಿ. ವಂಶವಾಹಿ ಪರೀಕ್ಷೆಯ ಸೌಲಭ್ಯವಿರುವ ಆಸ್ಪತ್ರೆಗೆ ಆ ಮಗುವನ್ನು ಕರೆದುಕೊಂಡು ಹೋಗಿ.